ಮೂವತ್ತರಲ್ಲಿ ನಿಂತ ಹೋರಿ

ಒಗುರಾಸಾವಾ
2023 ಮೇ 9

ಮಗಳು ಚಿಗುಸಾಳಿಗೆ,

ನೀನು ಬಸ್ಸು ಹತ್ತಿ ಹೋದ ಮೇಲೆ ನಮ್ಮ ಹೋರಿ ಎರಡು ದಿನ ಹುಲ್ಲಿಗೆ ಮೂತಿ ಇಡಲಿಲ್ಲ. ಕಾಯಿಲೆಯಲ್ಲ, ಸೊಕ್ಕು. ಕೊಟ್ಟಿಗೆಯ ಮುಂದೆ ಮಣೆ ಹಾಕಿಕೊಂಡು ಕುಳಿತು ಬೆಳಗಿನಿಂದ ಸಂಜೆಯವರೆಗೆ ಅವನನ್ನೇ ನೋಡಿ ನೋಡಿ ಬರೆದುಕೊಂಡೆಯಲ್ಲ, ಅದು ಅವನ ತಲೆಗೇರಿದೆ. "ಹೊಗಳಿದ್ರೆ ಊಟ ಬಿಡೋದು ಈ ಮನೇಲಿ ಇವನೊಬ್ಬನೇ ಅಲ್ಲ" ಎಂದು ನಿನ್ನ ಚಿಕ್ಕಮ್ಮ ನನ್ನ ಕಡೆ ನೋಡಿ ಹೇಳಿದಳು. ನಾನು ಕೇಳಿಸದವನ ಹಾಗೆ ಎರಡನೇ ಬಟ್ಟಲು ಅನ್ನ ಹಾಕಿಸಿಕೊಂಡೆ.

ಒಂದು ಮಾತು. ಚಿತ್ರದ ಕೆಳಗೆ "ಹೋರಿ" ಎಂದು ಬರೆದು ಕೈ ತೊಳೆದುಕೊಳ್ಳಬೇಡ. "ಹಿಕೊಜಿ" ಎಂದು ಬರೆ. ನಮ್ಮ ಊರಲ್ಲಿ ಕಾಳಗದ ಹೋರಿಗೆ ಬೇರೆ ಹೆಸರಿಡುವುದಿಲ್ಲ, ಮನೆಯ ಹೆಸರೇ ಅದರ ಹೆಸರು, ಊರವರು ಯಜಮಾನನನ್ನು ಕರೆಯುವುದೂ ಅದೇ ಹೆಸರಿನಿಂದ. ನಿನ್ನ ಅಪ್ಪ ಪಟ್ಟಣಕ್ಕೆ ಹೋಗಿ ಜೀವನಪೂರ್ತಿ ರೈಲು ಓಡಿಸಿ ಇದನ್ನೆಲ್ಲ ಮರೆತೇ ತೀರಿಹೋದ. ನೀನು ಅವನ ಮಗಳಾದರೂ ಹಿಕೊಜಿ ಮನೆಯವಳೇ.

ಭಾನುವಾರದ ಕಾಳಗ ನಿನಗೆ ಸರಿಯಾಗಿ ಕಾಣಿಸಲಿಲ್ಲವಂತೆ, ಮುಂದೆ ಒಬ್ಬ ಛತ್ರಿ ಹಿಡಿದು ನಿಂತಿದ್ದನಂತೆ. ಹಾಗಾದರೆ ನೀನು ನೋಡದೆ ಹೋದದ್ದು ನನ್ನನ್ನು! ನಮ್ಮ ಹಿಕೊಜಿ, ಎದುರಿಗೆ ಯೊಹೇ ಮನೆಯ ಯೊಹೇ. ಕೊಂಬಿಗೆ ಕೊಂಬು ಕೂಡಿಸಿ ಏಳು ನಿಮಿಷ ನೂಕಾಡಿದರು. ಇಬ್ಬರಿಗೂ ಇನ್ನೂ ಬೇಕಾಗಿತ್ತು, ಇಬ್ಬರ ಕಣ್ಣಲ್ಲೂ ಬೆಂಕಿ ಇತ್ತು. ಸರಿಯಾಗಿ ಆ ಗಳಿಗೆಗೆ ನಾನು ಕೈ ಎತ್ತಿದೆ. ಒಬ್ಬ ಹಿಂಗಾಲಿಗೆ ಹಗ್ಗ ಎಸೆದ, ಇನ್ನೊಬ್ಬ ಮೂಗಿಗೆ ಕೈ ಹಾಕಿದ, ಹತ್ತು ಜನ ಬಿದ್ದು ಬಿಡಿಸಿದರು. ನಿನ್ನ ಛತ್ರಿಯವನು ಆಮೇಲೆ ನನ್ನ ಹತ್ತಿರ ಬಂದು, "ಯಜಮಾನ್ರೇ, ಗೆದ್ದಿದ್ದು ಯಾವುದು?" ಎಂದು ಕೇಳಿದ. "ಎರಡೂ" ಎಂದೆ. "ಮತ್ತೆ ಸೋತಿದ್ದು?" "ಟಿಕೆಟ್ ತಗೊಂಡು ಅದನ್ನ ಕೇಳೋಕೆ ಬಂದೋನು" ಎಂದೆ. ಪಾಪ, ನಗುವುದೋ ಬಿಡುವುದೋ ತಿಳಿಯದೆ ಹೋದ.

ಹೋರಿ ಸೋಲುವ ಮೊದಲು ಬಿಡಿಸಬೇಕು. ಒಂದು ಸಲ ಸೋಲಿನ ರುಚಿ ಹತ್ತಿದ ಹೋರಿ ಮತ್ತೆ ಕಣಕ್ಕೆ ಇಳಿಯುವುದಿಲ್ಲ. ಆ ಗಳಿಗೆ ಯಾವುದೆಂದು ನೋಡುವ ಕಣ್ಣು ಈ ಬೆಟ್ಟದ ಮೇಲೆ ಒಬ್ಬನಿಗಿದೆ. ಹೆಸರು ಹೇಳುವುದಿಲ್ಲ, ನನಗೆ ಸಂಕೋಚ.

ಇಪ್ಪತ್ತೊಂಬತ್ತು ವರ್ಷಗಳಿಂದ ಕೈ ಎತ್ತುತ್ತಿರುವ ನಿನ್ನ ಚಿಕ್ಕಪ್ಪ,
ತೊಮೆಜಿ


ಮಾತ್ಸುದೊ
ಜೂನ್ 20

ಚಿಕ್ಕಪ್ಪನಿಗೆ, ಚಿಕ್ಕಮ್ಮನಿಗೆ,

ಬಿದಿರೆಲೆಯ ಕಡುಬು ಬಂತು. ಮೂರು ದಿನ ಅದೇ ಊಟ.

ಹಿಕೊಜಿಯ ಕೆಲಸ ನಡೆದಿದೆ, ಆದರೆ ಅವನಿನ್ನೂ ಎಲ್ಲೂ ಕಾಣುತ್ತಿಲ್ಲ. ಮೆಜೊಟಿಂಟ್ ಎಂದರೆ ಏನು ಎಂದು ನೀವು ಮೂರು ಸಲ ಕೇಳಿದಿರಿ, ಮೂರು ಸಲವೂ ಉತ್ತರದ ನಡುವೆ ಎದ್ದು ಹೋದಿರಿ. ಕಾಗದದಿಂದ ಎದ್ದು ಹೋಗಲಾಗುವುದಿಲ್ಲ, ಓದಿ. ತಾಮ್ರದ ತಗಡಿಗೆ ಮಸಿ ಬಳಿದು ಕಾಗದದ ಮೇಲೆ ಒತ್ತುವ ಚಿತ್ರ. ತಗಡು ಒಂದು ಮೊಳ ಉದ್ದ. ಬಾಚಣಿಗೆಗಿಂತ ಸಣ್ಣ ಹಲ್ಲುಗಳಿರುವ ಬಾಗಿದ ಉಳಿಯೊಂದಿದೆ. ಅದನ್ನು ತೊಟ್ಟಿಲಿನ ಹಾಗೆ ಅತ್ತಿತ್ತ ತೂಗುತ್ತ ತಗಡಿನ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ನಡೆಸುತ್ತ ಹೋಗಬೇಕು. ಐದು ವಾರ ಅದೇ ಆಯಿತು. ಈಗ ತಗಡಿನ ಮೇಲೆಲ್ಲ ಮಖಮಲ್ಲಿನ ಹಾಗೆ ನವಿರಾದ ತಾಮ್ರದ ಮುಳ್ಳು ಎದ್ದಿದೆ. ಮಸಿ ಹಿಡಿಯುವುದು ಆ ಮುಳ್ಳು. ಇವತ್ತು ಒತ್ತಿದರೆ ಕಾಗದ ಬರೀ ಕಪ್ಪು.

ಇನ್ನು ಮೇಲೆ ಆ ಮುಳ್ಳನ್ನು ಅಲ್ಲಲ್ಲಿ ಕೆರೆದು, ತೀಡಿ, ಬೆಳಕು ತೆಗೆಯಬೇಕು. ತೀಡಿದಷ್ಟು ಬಿಳುಪು. ಹಿಕೊಜಿ ಕಪ್ಪು ಹೋರಿಯಾದ್ದರಿಂದ ನನ್ನ ಕೆಲಸದಲ್ಲಿ ಮುಟ್ಟದೆ ಬಿಡುವುದೇ ಹೆಚ್ಚು. ಬೆನ್ನಿನ ಮೇಲೊಂದು ಗೆರೆ, ಕಣ್ಣಿನ ತೇವ, ಮೂಗಿನ ಅಂಚು. ಉಳಿದದ್ದೆಲ್ಲ ಕತ್ತಲೆಯೊಳಗೇ ಇರುತ್ತದೆ.

ಒಂದು ಕೇಳಬೇಕು. ಹಣೆಯ ಸುಳಿ ಯಾವ ಕಡೆ ತಿರುಗಿದೆ? ನನ್ನ ಪುಸ್ತಕದ ಆ ಹಾಳೆಯನ್ನು ಅವನೇ ನೆಕ್ಕಿ ಅಳಿಸಿದ್ದಾನೆ. ತಾಮ್ರದಲ್ಲಿ ಎಲ್ಲವನ್ನೂ ತಿರುವುಮುರುವಾಗಿ ಬರೆಯಬೇಕು, ಒಮ್ಮೆ ತಪ್ಪಿದರೆ ಮತ್ತೆ ಐದು ವಾರ.

ನಿಮ್ಮ
ಚಿಗುಸಾ


ಒಗುರಾಸಾವಾ
ಜುಲೈ 2

ಚಿಗುಸಾ,

ಸುಳಿ ಬಲಕ್ಕೆ ತಿರುಗಿದೆ. ಕೊಟ್ಟಿಗೆಯಲ್ಲಿ ದೀಪ ಹಿಡಿದು, ಬೆರಳಿಟ್ಟು, ಮೂರು ಸಲ ನೋಡಿದೆ. ನಾಲ್ಕನೇ ಸಲಕ್ಕೆ ಅವನು ನನ್ನನ್ನು ಹುಲ್ಲಿನ ರಾಶಿಯ ಮೇಲೆ ಕೂರಿಸಿದ. ಚಿತ್ರಕ್ಕಾಗಿ ನಾನೂ ರಕ್ತ ಸುರಿಸಿದ್ದೇನೆ ಎಂದು ಎಲ್ಲಾದರೂ ಬರೆದುಕೋ. ರಕ್ತ ಬರಲಿಲ್ಲ, ಆದರೂ ಬರೆದುಕೋ.

ಈಗ ಸಂತೋಷದ ಸುದ್ದಿ. ಭಾನುವಾರ ಊರವರೆಲ್ಲ ಸೇರಿ ಬೆಟ್ಟದ ದಾರಿಯ ಹುಲ್ಲು ಕೊಯ್ದೆವು. ಕೊಯ್ದಾದ ಮೇಲೆ ಸಭಾಮನೆಯಲ್ಲಿ ಸಾಕೆ ಹೆಂಡ. ನಿನ್ನ ಚಿತ್ರದ ಮಾತು ಬಂತು. ಬಂತು ಎಂದರೆ, ನಾನೇ ತಂದೆ. ನವೆಂಬರಿನಲ್ಲಿ ಟೋಕಿಯೊದ ದೊಡ್ಡ ಗ್ಯಾಲರಿಯಲ್ಲಿ ನಮ್ಮ ಹಿಕೊಜಿ ಗೋಡೆಯ ಮೇಲೆ ನಿಲ್ಲುತ್ತಾನೆ ಎಂದೆ. ಆಗ ಆ ಯೊಹೇ (ಮನುಷ್ಯ ಯೊಹೇ, ಹೋರಿಯಲ್ಲ, ಕೊರಳು ಮಾತ್ರ ಇಬ್ಬರದೂ ಒಂದೇ ಗಾತ್ರ) ಬಟ್ಟಲು ಕೆಳಗಿಟ್ಟು ಶುರು ಮಾಡಿದ.

"ಏನಯ್ಯ ಹಿಕೊಜಿ, ಟೋಕಿಯೊದೋರು ನೋಡ್ತಾರೆ ಸರಿ. ಹುಲ್ಲು ಕೊಯ್ಯೋರು ಯಾರು ನೋಡ್ತಾರೆ?"

"ನೀವೂ ನೋಡ್ತೀರಿ."

"ಹೆಂಗೆ? ನಿನ್ನ ಬಾಯಲ್ಲಾ? ಅದನ್ನ ಮೂವತ್ತು ವರ್ಷದಿಂದ ನೋಡ್ತಾನೇ ಇದೀವಲ್ಲ."

ಎಲ್ಲರೂ ನಕ್ಕರು. ಕಿನುಯೊ ಅಜ್ಜಿ ಕೂಡ ನಕ್ಕಳು, ತೊಂಬತ್ತೊಂದು ವಯಸ್ಸು, ಹಲ್ಲಿಲ್ಲ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೈ ಎತ್ತಿದೆ, ಕಣದಲ್ಲಿ ಎತ್ತುವ ಹಾಗೆಯೇ. "ಈ ಊರಲ್ಲಿ ಮೂವತ್ತೆಂಟು ಮನೆ. ಮನೆಗೊಂದು ಹಿಕೊಜಿ. ನನ್ನ ಅಣ್ಣನ ಮಗಳು ಸಹಿ ಹಾಕಿ ಕೊಡ್ತಾಳೆ" ಎಂದೆ. ಯೊಹೇ ತನ್ನ ಕೈಯಾರೆ ನನ್ನ ಬಟ್ಟಲು ತುಂಬಿಸಿದ.

ಆದ್ದರಿಂದ ಗ್ಯಾಲರಿಯವರದನ್ನು ಒತ್ತಿದ ಮೇಲೆ ಇನ್ನೊಂದು ಮೂವತ್ತೆಂಟು ಒತ್ತಿಬಿಡು. ಕಷ್ಟವೆಲ್ಲ ಆ ತೂಗುವುದರಲ್ಲಿ ಮುಗಿಯಿತಲ್ಲ, ಇನ್ನೇನು, ಒತ್ತುವ ಯಂತ್ರದ ಚಕ್ರ ತಿರುಗಿಸುವುದು.

ಊರಿಗೆ ಊರೇ ಬಾಗಿ ನಮಸ್ಕರಿಸುತ್ತಿರುವ ನಿನ್ನ ಚಿಕ್ಕಪ್ಪ,
ತೊಮೆಜಿ


ಮಾತ್ಸುದೊ
ಜುಲೈ 11

ಚಿಕ್ಕಪ್ಪನಿಗೆ,

ನಿಮ್ಮ ಕಾಗದ ಓದಿ ಒಂದು ದಿನ ಉಳಿ ಮುಟ್ಟಲಿಲ್ಲ.

ಆಗುವುದಿಲ್ಲ ಚಿಕ್ಕಪ್ಪ. ನನಗೆ ಇಷ್ಟವಿಲ್ಲ ಎಂದಲ್ಲ, ತಾಮ್ರಕ್ಕೆ ಆಗುವುದಿಲ್ಲ. ಒಂದೊಂದು ಸಲ ಯಂತ್ರದ ಕೆಳಗೆ ಹೋದಾಗಲೂ ಆ ಮುಳ್ಳು ಸ್ವಲ್ಪ ಸ್ವಲ್ಪ ನೆಲಕಚ್ಚುತ್ತದೆ. ಮೂವತ್ತರವರೆಗೆ ಕಪ್ಪು ಕಪ್ಪಾಗಿ ಇರುತ್ತದೆ. ಆಮೇಲೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಮೂವತ್ತು ಎಂದು ಗ್ಯಾಲರಿಗೆ ಬರೆದುಕೊಟ್ಟಿದ್ದೇನೆ. ಪ್ರತಿಯೊಂದರ ಕೆಳಗೂ ಪೆನ್ಸಿಲಿನಲ್ಲಿ ಮೂವತ್ತರಲ್ಲಿ ಒಂದು, ಮೂವತ್ತರಲ್ಲಿ ಎರಡು ಎಂದು ಬರೆಯುತ್ತೇನೆ. ಕೊನೆಯದಾದ ಮೇಲೆ ತಗಡಿನ ಮೇಲೆ ನಾನೇ ಅಡ್ಡಗೆರೆ ಗೀಚುತ್ತೇನೆ, ಮತ್ತೆ ಯಾರೂ ಒತ್ತದ ಹಾಗೆ. ಮೂವತ್ತು ಎಂದು ಬರೆದ ಮೇಲೆ ಮೂವತ್ತೊಂದನೆಯದು ಇದ್ದರೆ ನಾನು ಬರೆದ ಮೂವತ್ತೂ ಸುಳ್ಳು.

ನೀವು ಊರವರಿಗೆ ಹೇಳಿಬಿಡಿ. ತಪ್ಪು ನನ್ನದು ಎಂದೇ ಹೇಳಿ.

ಚಿಗುಸಾ


ಒಗುರಾಸಾವಾ
ಜುಲೈ 19

ಚಿಗುಸಾ,

ತಪ್ಪು ನಿನ್ನದು ಎಂದು ಹೇಳಬೇಕೆ? ಕಣದಲ್ಲಿ ಕೈ ಎತ್ತಿದವನು ಆಮೇಲೆ "ಅದು ನನ್ನ ಕೈಯಲ್ಲ, ಅಣ್ಣನ ಮಗಳ ಕೈ" ಎನ್ನುವುದೆ?

ನಿನಗೆ ಇದು ಅರ್ಥವಾಗುತ್ತದೋ ಇಲ್ಲವೋ. ಒಂದು ಟನ್ ತೂಕದ ಎರಡು ಹೋರಿಗಳ ನಡುವೆ ಹತ್ತು ಜನ ಹೆಂಡತಿ ಮಕ್ಕಳಿರುವವರು ನುಗ್ಗುವುದು ನನ್ನ ಕೈ ಮೇಲೇರಿತು ಎಂದು. ನನ್ನ ಕೈ ಸುಳ್ಳು ಹೇಳುವುದಿಲ್ಲ ಎಂದು. ಅದೇ ಕೈಯನ್ನು ನಾನು ಸಭಾಮನೆಯಲ್ಲಿ ಎತ್ತಿಬಿಟ್ಟೆ. ಸಾಕೆ ಎತ್ತಿಸಿತು ಎನ್ನು, ಯೊಹೇ ಎತ್ತಿಸಿದ ಎನ್ನು. ಎತ್ತಿದ್ದು ಎತ್ತಿದ್ದೇ. ಈಗ ಹೋಗಿ ಇಲ್ಲ ಎಂದರೆ, ಮುಂದಿನ ಕಾಳಗದಲ್ಲಿ ಹಗ್ಗ ಎಸೆಯುವವನು ಒಂದು ಉಸಿರು ಯೋಚಿಸುತ್ತಾನೆ. ಆ ಒಂದು ಉಸಿರಿನಲ್ಲಿ ಕೊಂಬು ಯಾರ ಹೊಟ್ಟೆಯಲ್ಲಿರುತ್ತದೋ.

ಬೂದಿ ಬಣ್ಣವಾದರೆ ಆಗಲಿ. ನಮ್ಮ ಮನೆಗಳಲ್ಲಿ ಒಲೆಯ ಹೊಗೆಗೆ ಎರಡೇ ವರ್ಷದಲ್ಲಿ ಎಲ್ಲವೂ ಕಪ್ಪಾಗುತ್ತದೆ.

ತೊಮೆಜಿ


ಒಗುರಾಸಾವಾ
ಸೆಪ್ಟೆಂಬರ್ 3

ಚಿಗುಸಾ,

ಒಂದೂವರೆ ತಿಂಗಳಾಯಿತು. ನಿನ್ನ ಕೈಗೆ ಕೆಲಸ ಜಾಸ್ತಿ ಇರಬೇಕು ಎಂದು ನಿನ್ನ ಚಿಕ್ಕಮ್ಮ ಫುಸಾಯೆಗೆ ಹೇಳಿದೆ. "ಅವಳ ಕೈಗೆ ಕೆಲಸ ಇದೆ, ನಿಮ್ಮ ಬಾಯಿಗೆ ಬುದ್ಧಿ ಇಲ್ಲ" ಎಂದಳು. ನಲವತ್ತಾರು ವರ್ಷ ಸಂಸಾರ ಮಾಡಿದವಳ ಮಾತು, ನೀನು ಕಿವಿಗೆ ಹಾಕಿಕೊಳ್ಳಬೇಡ.

ಬದನೆಕಾಯಿ ಕಳಿಸಿದ್ದೇನೆ. ಈ ವರ್ಷದ್ದು ದುಂಡಗೆ ಬಂದಿದೆ. ಹೊಸ ಅಕ್ಕಿ ಅಕ್ಟೋಬರಿಗೆ ಬರುತ್ತದೆ, ಎಂದಿನಂತೆ ಮೂವತ್ತು ಕಿಲೋ. ಚಿತ್ರ ಕೊಡದವಳಿಗೆ ಅಕ್ಕಿ ಇಲ್ಲ ಎನ್ನುವ ಜಾತಿ ನಾನಲ್ಲ.

ಊರಲ್ಲಿ ವಿಶೇಷವಿಲ್ಲ. ಕಿನುಯೊ ಅಜ್ಜಿ ಗೋಡೆಗೆ ಮೊಳೆ ಹೊಡೆಸಿ ಕಾಯುತ್ತಿದ್ದಾಳೆ. ಬರೀ ಮೊಳೆಯ ಧೂಳನ್ನೇ ದಿನಾ ಬೆಳಿಗ್ಗೆ ಒರೆಸುತ್ತಾಳೆ. ದಾರಿಯಲ್ಲಿ ಸಿಕ್ಕಾಗ "ಹಿಕೊಜಿ, ನಾನು ನೋಡೋ ಅಷ್ಟೊತ್ತಿಗೆ ಬರತ್ತಾ?" ಎಂದಳು. "ಬರತ್ತೆ ಅಜ್ಜಿ" ಎಂದೆ. ಅದೊಂದೇ ವಿಶೇಷ.

ನೀನು ಏನೂ ಬರೆಯಬೇಕಾಗಿಲ್ಲ. ಬದನೆಕಾಯಿ ತಲುಪಿತು ಎಂದು ಬರೆದರೆ ಸಾಕು.

ತೊಮೆಜಿ


ಮಾತ್ಸುದೊ
ಸೆಪ್ಟೆಂಬರ್ 18

ಚಿಕ್ಕಪ್ಪನಿಗೆ,

ಬದನೆಕಾಯಿ ತಲುಪಿತು.

ಕಚೇರಿಯ ಕೆಲಸ ಬಿಟ್ಟು ತಾಮ್ರ ಹಿಡಿದ ವರ್ಷ ಅಪ್ಪ ನನ್ನೊಂದಿಗೆ ಮಾತು ಬಿಟ್ಟರು. ಆ ಅಕ್ಟೋಬರಿನಲ್ಲಿ ನಿಮ್ಮ ಮೊದಲ ಮೂಟೆ ಬಂತು. ಒಳಗೆ ಒಂದು ಚೀಟಿ: "ಕೆಲಸ ಮಾಡುವವರು ಉಣ್ಣಬೇಕು." ಹದಿನಾಲ್ಕು ವರ್ಷಗಳಿಂದ ನಾನು ತಿಂದದ್ದು ನಿಮ್ಮ ಗದ್ದೆಯ ಅನ್ನ. ನನ್ನ ಕೈಗೆ ಐದು ವಾರ ತೂಗುವ ಶಕ್ತಿ ಎಲ್ಲಿಂದ ಬಂತು ಎಂದು ನನಗೆ ಗೊತ್ತು. ನಿಮಗೆ ಇಲ್ಲ ಎಂದು ಬರೆದದ್ದು ಸುಲಭದಲ್ಲಿ ಬರೆದದ್ದಲ್ಲ.

ಹಿಕೊಜಿ ಸಿದ್ಧನಾಗಿದ್ದಾನೆ. ಅಕ್ಟೋಬರ್ ಹದಿನೈದರಿಂದ ಒತ್ತುತ್ತೇನೆ, ದಿನಕ್ಕೆ ಆರು ಏಳು ಆಗುತ್ತವೆ. ನೀವು ಬನ್ನಿ. ಯಂತ್ರದ ಪಕ್ಕ ನಿಂತುಕೊಳ್ಳಿ. ಎಷ್ಟು ಒತ್ತಬೇಕು ಎಂದು ನೀವೇ ಹೇಳಿ. ಅರುವತ್ತೆಂಟು ಎಂದರೆ ಅರುವತ್ತೆಂಟು ಒತ್ತುತ್ತೇನೆ. ಗ್ಯಾಲರಿಗೆ ನಾನೇ ಹೋಗಿ ತಲೆಬಾಗಿ ಹೇಳುತ್ತೇನೆ.

ಚಿಗುಸಾ


ಒಗುರಾಸಾವಾ
ಅಕ್ಟೋಬರ್ 24

ಮಗಳು ಚಿಗುಸಾಳಿಗೆ,

ಕ್ಷೇಮವಾಗಿ ತಲುಪಿದೆ. ರೈಲಿನಲ್ಲಿ ಪಕ್ಕದ ಸೀಟಿನವನಿಗೆ ನಿನ್ನ ವಿಷಯ ಹೇಳಿದೆ. ಅವನು ನಾಗಾಓಕಾ ಬರುವ ಮೊದಲೇ ನಿದ್ದೆ ಹೋದ, ಸುಸ್ತಾಗಿದ್ದ ಎಂದು ಕಾಣುತ್ತದೆ.

ನಿನ್ನ ಮುಂದೆ ನಿಂತಾಗ ನಾನು ಸರಿಯಾಗಿ ಒಂದು ಮಾತೂ ಆಡಲಿಲ್ಲ. ಎಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಅದಕ್ಕೆ ಈಗ ಬರೆಯುತ್ತಿದ್ದೇನೆ.

ನಾನು ಬರುವಾಗ ಇಪ್ಪತ್ತಾರು ಆಗಿದ್ದವು. ನೀನು ತಗಡನ್ನು ಬಿಸಿ ಮಾಡಿದೆ, ಮಸಿ ಬಳಿದೆ, ಬಲೆಬಟ್ಟೆಯಿಂದ ಒರೆಸಿದೆ, ಆಮೇಲೆ ಬರೀ ಅಂಗೈಯಿಂದ ಒರೆಸಿದೆ. ಒರೆಸುವುದಕ್ಕೇ ಮುಕ್ಕಾಲು ಗಂಟೆ. ನಾನು "ಹೋರಿ ಮೈ ತಿಕ್ಕೋಕೂ ಇಷ್ಟು ಹೊತ್ತು ಬೇಡ ಕಣೇ" ಎಂದೆ. ನೀನು ನಗಲಿಲ್ಲ. ಒದ್ದೆ ಕಾಗದ ಹಾಸಿ, ಕಂಬಳಿ ಹೊದಿಸಿ, ಚಕ್ರ ತಿರುಗಿಸಿ, ಕಾಗದದ ಮೂಲೆ ಹಿಡಿದು ಎತ್ತಿದೆ.

ಚಿಗುಸಾ, ನಾನು ಆ ಹೋರಿಯನ್ನು ಕರುವಿನಿಂದ ಸಾಕಿದವನು. ಅವನ ಮೈಯ ಬಿಸಿ ನನ್ನ ಬೆನ್ನಿಗೆ ಗೊತ್ತು. ಆ ಕಾಗದದಿಂದ ಅದೇ ಬಿಸಿ ಬಂತು. ಕೊಟ್ಟಿಗೆಯ ಬಾಗಿಲು ತೆರೆದ ಕೂಡಲೇ ಮೊದಲು ಏನೂ ಕಾಣುವುದಿಲ್ಲ, ಒಂದು ಉಸಿರು ಮಾತ್ರ ಇರುತ್ತದೆ, ಆಮೇಲೆ ಕಣ್ಣು, ಆಮೇಲೆ ಬೆನ್ನು. ಹಾಗೆಯೇ ಬಂದ. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು, ಅವನಿಗೆ ಕೊಡುವ ಉಪ್ಪಿನ ಹರಳು ಹುಡುಕುತ್ತ. ನೀನು ನೋಡಿದೆಯೋ ಇಲ್ಲವೋ.

ಇಪ್ಪತ್ತೇಳು, ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಮೂವತ್ತರಲ್ಲಿ ನೀನು ನಿಂತು ನನ್ನ ಮುಖ ನೋಡಿದೆ. ನಾನು ಕಿಟಕಿ ನೋಡಿದೆ. "ಮುಂದೆ?" ಎಂದೆ ನೀನು. "ಹ್ಞೂಂ, ಮುಂದೆ" ಎಂದೆ ನಾನು. ನೀನು ಮತ್ತೆ ಮಸಿ ಬಳಿದೆ.

ಮೂವತ್ತೊಂದರಲ್ಲಿ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಒಳಗೊಳಗೇ ಹಿಗ್ಗಿದೆ, ಈ ಹುಡುಗಿ ಸುಮ್ಮನೆ ಹೆದರಿಸಿದಳು ಎಂದು. ಮೂವತ್ತೆರಡರಲ್ಲಿ ಏನೋ ಇತ್ತು, ಹೆಸರಿಡಲು ಆಗಲಿಲ್ಲ. ಮೂವತ್ಮೂರನೆಯದನ್ನು ನೀನು ಎತ್ತಿ ಮೊದಲನೆಯದರ ಪಕ್ಕಕ್ಕೆ ಹಿಡಿದೆ. ಅದೇ ಬೆನ್ನು, ಅದೇ ಕಣ್ಣು, ಸುಳಿ ಕೂಡ ಬಲಕ್ಕೇ. ಆದರೆ ಹೊಟ್ಟೆಯ ಕೆಳಗಿನ ಕತ್ತಲೆ ತೆಳ್ಳಗಾಗಿತ್ತು. ಅಲ್ಲಿ ನಿಂತಿದ್ದದ್ದು ಸೋತ ಹೋರಿ. ಸೋತ ಹೋರಿ ಹೇಗಿರುತ್ತದೆ ಎಂದು ನಿನಗೆ ಗೊತ್ತಿಲ್ಲ, ನಮ್ಮ ಕಣದಲ್ಲಿ ನೀನು ನೋಡಿಲ್ಲ. ನಾನು ನೋಡಿದ್ದೇನೆ. ನನ್ನ ಮೊದಲನೇ ವರ್ಷ, ಒಂದು ಸಲ, ಕೈ ಎತ್ತುವುದು ತಡವಾಯಿತು. ಆ ಹೋರಿ ಆಮೇಲೆ ಎರಡು ವರ್ಷ ಬದುಕಿತ್ತು, ಆದರೆ ಯಾರನ್ನೂ ನೇರವಾಗಿ ನೋಡಲಿಲ್ಲ. ಅದರ ಹೆಸರೂ ಹಿಕೊಜಿ. ಈ ಮಾತನ್ನು ಫುಸಾಯೆಗೆ ಬಿಟ್ಟರೆ ನಿನಗೇ ಹೇಳುತ್ತಿರುವುದು.

ಕೈ ಎತ್ತಿದ್ದು ನಾನಲ್ಲ, ಅದೇ ಎದ್ದಿತು. ನೀನು ಚಕ್ರ ಬಿಟ್ಟೆ.

ಆಮೇಲೆ ನೀನು ಆ ಮೂರನ್ನು ಹರಿಯಲು ತೆಗೆದುಕೊಂಡಾಗ ನಾನು ಮೂವತ್ತೊಂದರ ಮೇಲೆ ಅಂಗೈ ಇಟ್ಟೆನಲ್ಲ. "ಇದೊಂದು ಚೆನ್ನಾಗೇ ಇದೆಯಲ್ಲೇ" ಎಂದೆ. ನೀನು "ಹೌದು, ಚೆನ್ನಾಗಿದೆ" ಎಂದು ಕಾದೆ. ನನ್ನ ಕೈ ಹಿಡಿದು ಸರಿಸಲಿಲ್ಲ, ಬೈಯಲಿಲ್ಲ, ಸುಮ್ಮನೆ ಕಾದೆ. ಆ ಅಂಗೈಯನ್ನು ಅಲ್ಲಿಂದ ತೆಗೆಯುವುದಕ್ಕೆ ಎಷ್ಟು ಹೊತ್ತು ಬೇಕಾಯಿತು ಎಂದು ನನಗೆ ಗೊತ್ತು. ಅಷ್ಟು ಹೊತ್ತೂ ಕಿನುಯೊ ಅಜ್ಜಿಯ ಮೊಳೆ ಕಣ್ಣ ಮುಂದಿತ್ತು.

ತಗಡಿನ ಮೇಲೆ ಗೆರೆ ಎಳೆಯಲು ನನಗೆ ಸೂಜಿ ಕೊಟ್ಟೆ. ನಾನು ಒಲ್ಲೆ ಎಂದೆ, ತಗಡು ಅಲುಗದ ಹಾಗೆ ಎರಡು ಕೈಯಿಂದ ಒತ್ತಿ ಹಿಡಿದೆ, ಹೋರಿಯ ಮೂಗು ಹಿಡಿದ ಹಾಗೆ. ನೀನು ಒಂದೇ ಸಲಕ್ಕೆ, ನಡುಗದೆ, ಮೂಲೆಯಿಂದ ಮೂಲೆಗೆ ಎಳೆದೆ. ನಮ್ಮ ಹತ್ತು ಜನರಲ್ಲಿ ಅಂಥ ಕೈ ಇಬ್ಬರಿಗಿದೆ. ಈಗ ಮೂವರು.

ಊರವರಿಗೆ ಇನ್ನೂ ಹೇಳಿಲ್ಲ. ಹೇಳುತ್ತೇನೆ.

ತೊಮೆಜಿ


ಮಾತ್ಸುದೊ
ನವೆಂಬರ್ 12

ಚಿಕ್ಕಪ್ಪನಿಗೆ,

ಪ್ರದರ್ಶನ ತೆರೆಯಿತು. ಹಿಕೊಜಿಗೆ ಒಂದು ಇಡೀ ಗೋಡೆ ಕೊಟ್ಟಿದ್ದಾರೆ. ಪಕ್ಕದ ಗೋಡೆಯಲ್ಲಿ ಬೇರೆಯವರು ಮಾಡಿದ ಬೆಕ್ಕು, ಗೂಬೆ, ಒಂದು ನಿದ್ದೆ ಹೋದ ಮೊಲ. ಎಲ್ಲವೂ ಚೆಂದವೇ, ಆದರೆ ಬಾಗಿಲಿನಿಂದ ಒಳಗೆ ಬಂದವರು ಮೊದಲು ಒಂದು ಹೆಜ್ಜೆ ಹಿಂದೆ ಸರಿಯುವುದು ನಮ್ಮವನ ಮುಂದೆ. ನಿಮಗೆ ಹೇಳಲೆಂದೇ ಎಣಿಸಿದೆ: ಮೊದಲನೇ ದಿನ ಹನ್ನೊಂದು ಜನ.

ವಯಸ್ಸಾದ ಹೆಂಗಸೊಬ್ಬರು ಬಹಳ ಹೊತ್ತು ನಿಂತು, ಕೆಳಗಿನ ಚೀಟಿ ಓದಿ, "ಹಿಕೊಜಿ ಅಂದ್ರೆ ಈ ಹೋರಿಯ ಹೆಸರಾ?" ಎಂದು ಕೇಳಿದರು. ನಾನು, "ನಮ್ಮ ಮನೆಯ ಹೆಸರು" ಎಂದೆ. ಹೇಳಿದ ಮೇಲೆ ತಿಳಿಯಿತು, ಆ ಮಾತನ್ನು ನಾನು ಮೊದಲ ಸಲ ಆಡಿದ್ದು.

ಬೇರೆ ಕಟ್ಟಿನಲ್ಲಿ ಒಂದು ಪ್ರತಿ ಕಳಿಸಿದ್ದೇನೆ. ಮೂವತ್ತರಲ್ಲಿ ಸೇರಿದ್ದಲ್ಲ. ಎಲ್ಲಕ್ಕಿಂತ ಮೊದಲು, ಮಸಿ ಸರಿಯಿದೆಯೇ ಎಂದು ನೋಡಲು ಒತ್ತಿಕೊಂಡದ್ದು. ಮಾಡಿದವರು ತಮಗಾಗಿ ಇಟ್ಟುಕೊಳ್ಳುವುದು ಅದೊಂದನ್ನೇ, ಗ್ಯಾಲರಿಗೂ ಅದು ಗೊತ್ತು. ಅದಕ್ಕೆ ಸಂಖ್ಯೆ ಇಲ್ಲ. ಎಲ್ಲಕ್ಕಿಂತ ಕಪ್ಪು ಅದೇ. ಅದು ನಿಮಗೆ.

ಚಿಗುಸಾ


ಒಗುರಾಸಾವಾ
ನವೆಂಬರ್ 27

ಮಗಳು ಚಿಗುಸಾಳಿಗೆ,

ಹಿಂದೆ ಸರಿದದ್ದು ಹನ್ನೊಂದೇ ಜನವೋ? ಊರಲ್ಲಿ ನಾನು ಮೂವತ್ತು ಎಂದು ಹೇಳಿದ್ದೇನೆ. ನೀನು ಎಣಿಸುವಾಗ ಮಧ್ಯೆ ಚಹಾ ಕುಡಿಯಲು ಹೋಗಿರಬೇಕು.

ವರ್ಷದ ಕೊನೆಯ ಸಭೆ ನಿನ್ನೆ ಆಯಿತು. ಮೂವತ್ತೆಂಟು ಮನೆಯವರೂ ಇದ್ದರು. ನಿನ್ನ ಪ್ರತಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಂಡೊಯ್ದೆ. ಸಾಕೆ ಬರುವ ಮೊದಲೇ ಎದ್ದು, ನೆಲಕ್ಕೆ ಹಣೆ ತಾಗಿಸಿ ಹೇಳಿದೆ: ಮನೆಗೊಂದು ಎಂದೆ, ಅದು ಆಗುವುದಿಲ್ಲ, ಮಾತು ಕೊಡುವ ಮೊದಲು ನಾನು ಕೇಳಲಿಲ್ಲ, ಹೋರಿ ಮೂವತ್ತಕ್ಕೆ ನಿಂತಿತು, ನಿಲ್ಲಿಸಿದವನು ನಾನೇ. ಮೂವತ್ತಾದ ಮೇಲೆ ಕಪ್ಪು ಬೂದಿಯಾಗುತ್ತದೆ ಎಂದಷ್ಟೇ ಹೇಳಿ ಬಟ್ಟೆ ಬಿಚ್ಚಿದೆ.

ಯೊಹೇ ಮಂಡಿಯ ಮೇಲೆ ತೆವಳಿಕೊಂಡು ಹತ್ತಿರ ಬಂದ. ನೋಡಿದ. ಎಷ್ಟು ಹೊತ್ತು ನೋಡಿದ ಎಂದರೆ, ಹಿಂದಿನವರು "ತಲೆ ಇಳಿಸಯ್ಯ, ನಿನ್ನ ಬೋಳು ತಲೆ ನೋಡೋಕೆ ಬಂದಿಲ್ಲ ನಾವು" ಎಂದರು.

"ಇದು ಬೂದಿ ಆಗೋವರೆಗೂ ಒತ್ತಬೇಕಾಗಿತ್ತಾ, ನಮಗೋಸ್ಕರ?" ಎಂದು ಯೊಹೇ ಕೇಳಿದ.

"ಹ್ಞೂಂ."

"ಒತ್ತಿಸಿದ್ದಿದ್ರೆ ನಿನ್ನ ಕೈ ಕೆಳಗೆ ಇನ್ನೊಂದು ಸಲ ನನ್ನ ಹೋರೀನ ಬಿಡ್ತಿರಲಿಲ್ಲ ನಾನು."

ಅಷ್ಟೇ ಹೇಳಿದ. ನಾನು ಮೂಗು ಒರೆಸಿಕೊಂಡೆ, ಸಭಾಮನೆಯಲ್ಲಿ ಚಳಿ.

ಆಗ ಕಿನುಯೊ ಅಜ್ಜಿ ಹಿಂದಿನಿಂದ ಗದರಿದಳು. "ಏನ್ ಅತ್ಕೊಂಡು ಕೂತಿದೀರಿ? ಊರಿನ ಸುತ್ತೋಲೆ ಹಲಗೆ ಹೆಂಗೆ ಮನೆಯಿಂದ ಮನೆಗೆ ಹೋಗತ್ತೋ ಹಂಗೆ ಇದೂ ಹೋಗ್ಲಿ. ಕಸ ಎತ್ತೋ ದಿನ, ಹಿಮ ತೆಗೆಯೋ ಸರದಿ ಅಂತ ಹಾಳೂಮೂಳೂ ಎಲ್ಲ ಹೊತ್ತು ತಿರುಗಿಸ್ತೀವಿ. ಹೋರಿ ತಿರುಗಬಾರದಾ?"

ಹಾಗೆ ತೀರ್ಮಾನವಾಯಿತು. ಮನೆಗೊಂದು ವಾರ. ಭಾನುವಾರ ಬೆಳಿಗ್ಗೆ ಪಕ್ಕದ ಮನೆಗೆ ಕೊಡಬೇಕು. ಸುತ್ತೋಲೆಯ ಹಾಗೆಯೇ ಜೊತೆಗೊಂದು ಹಾಳೆ, ನೋಡಿದ ಮನೆಯವರು ತಮ್ಮ ಮುದ್ರೆ ಒತ್ತಿ ಮುಂದೆ ಸಾಗಿಸಬೇಕು. ಹಿಮದಲ್ಲಿ ಒದ್ದೆಯಾಗದಿರಲಿ ಎಂದು ಬಡಗಿ ಮನೆಯವನು ಸಂಜೆಯೊಳಗೇ ದೇವದಾರು ಮರದ ಪೆಟ್ಟಿಗೆ ಮಾಡಿಕೊಟ್ಟ. ಸರದಿಯನ್ನು ನಾನು ಬರೆದೆ. ಮೊದಲ ಮನೆ ಕಿನುಯೊ ಅಜ್ಜಿಯದು. ಎರಡನೆಯದು ಯೊಹೇ. ಮೂವತ್ತೆಂಟನೆಯದು ನಮ್ಮದು. "ನಿಮ್ಮದೇ ಹೋರಿ, ನೀವೇ ಕೊನೆಗಾ?" ಎಂದು ಫುಸಾಯೆ ಕೇಳಿದಳು. ಕೊಟ್ಟಿಗೆಯಲ್ಲಿ ಒಬ್ಬ ಇದ್ದಾನಲ್ಲ ಎಂದೆ.

ಮನೆಗೊಂದು ಎಂದಿದ್ದೆ. ಮನೆಗೊಂದು ವಾರ ಎಂದಾಯಿತು. ನನ್ನ ಮಾತಿನಲ್ಲಿ ಹೆಚ್ಚೇನೂ ಕಡಿಮೆಯಾಗಲಿಲ್ಲ, ನೋಡು.

ಅಜ್ಜಿಯ ಮನೆಯ ಗೋಡೆಗೆ ಹಿಕೊಜಿಯನ್ನು ತನ್ನ ಕೈಯಾರೆ ತೂಗುಹಾಕಿ ಬಂದ ನಿನ್ನ ಚಿಕ್ಕಪ್ಪ,
ತೊಮೆಜಿ


ಒಗುರಾಸಾವಾ
2024 ಆಗಸ್ಟ್ 8

ಮಗಳು ಚಿಗುಸಾಳಿಗೆ,

ಹಿಕೊಜಿ ಈಗ ಪಕ್ಕದ ಮನೆಯಲ್ಲಿದ್ದಾನೆ, ಮೂವತ್ತೇಳನೆಯದು. ನಾನು ದಿನಾ ಬೆಳಿಗ್ಗೆ ಸೋಯಾ ಸಾಸ್ ಕಡ ಕೇಳಿಕೊಂಡು ಹೋಗುತ್ತೇನೆ. ನಮ್ಮ ಮನೆಯಲ್ಲಿ ಈಗ ಎಂಟು ಬಾಟಲಿ ಸೋಯಾ ಇದೆ.

ಅಲ್ಲಿ ಕುಳಿತು ಹಾಳೆ ಓದಿದೆ. ಮುದ್ರೆ ಒತ್ತಿ ಎಂದರೆ ಇವರು ಪಕ್ಕದಲ್ಲಿ ಬರೆದೂ ಇದ್ದಾರೆ. ನಿನಗೆ ಕೆಲವನ್ನು ನಕಲು ಮಾಡಿದ್ದೇನೆ, ಅಕ್ಷರ ಅವರದ್ದಲ್ಲ, ಮಾತು ಅವರದ್ದು.

ಕಿನುಯೊ: ನೋಡೋ ಅಷ್ಟೊತ್ತಿಗೆ ಬಂತು.

ಯೊಹೇ: ಹೋರಿ ಚೆನ್ನಾಗಿದೆ. ಯಜಮಾನನನ್ನ ಪಕ್ಕದಲ್ಲಿ ನಿಲ್ಲಿಸದೆ ಬರೆದದ್ದು ಇನ್ನೂ ಚೆನ್ನಾಗಿದೆ.

ಬಡಗಿ ಮನೆ: ಹಿಮ ಹತ್ತು ಅಡಿ. ಪೆಟ್ಟಿಗೆಯನ್ನ ಬೆನ್ನಿಗೆ ಕಟ್ಟಿಕೊಂಡು ಮುಂದಿನ ಮನೆಗೆ ಹೋದೆ. ಬೆನ್ನು ಬೆಚ್ಚಗಿತ್ತು.

ಮೀನು ಸಾಕುವ ಮನೆ: ನಮ್ಮ ಕೆಂಪು ಮೀನನ್ನೂ ಆಕೆ ಹೀಗೆ ಬರೆಯಬಲ್ಲಳೋ? ಕೇಳಿ ಹೇಳಿ.

ಹೊಳೆಯಾಚೆ ಮನೆ: ಸೊಸೆ ಊರು ಬಿಟ್ಟು ಪಟ್ಟಣಕ್ಕೆ ಹೋಗೋಣ ಅಂತಿದ್ದಳು. ಆ ವಾರ ಆ ಮಾತು ಎತ್ತಲಿಲ್ಲ. ಮುಂದಿನ ವಾರ ಎತ್ತಿದಳು. ಹೋರಿಯನ್ನ ಇನ್ನೊಂದು ಸುತ್ತು ಕಳಿಸಿ.

ಹೀಗೆ ಮೂವತ್ತಾರು ಕೆಂಪು ಮುದ್ರೆ, ಸಾಲಾಗಿ. ಕೆಲವು ಓರೆ, ಕೆಲವು ತಲೆಕೆಳಗು, ಒಂದರ ಮೇಲೆ ಉಪ್ಪಿನಕಾಯಿಯ ಕಲೆ. ಗ್ಯಾಲರಿಯವರು ಆ ಹಾಳೆಗೆ ಚೌಕಟ್ಟು ಹಾಕುತ್ತಾರೋ ಇಲ್ಲವೋ, ನಾನು ಹಾಕಿಸುತ್ತೇನೆ. ಒಂದು ಸಲವೂ ಯಾರೂ ಒಂದು ದಿನ ಹೆಚ್ಚು ಇಟ್ಟುಕೊಳ್ಳಲಿಲ್ಲ. ಯೊಹೇ ಇಟ್ಟುಕೊಳ್ಳುತ್ತಾನೆ ಎಂದು ನಾನು ಕಾದಿದ್ದೆ. ಬೈಯಲು ಮಾತೆಲ್ಲ ಜೋಡಿಸಿಟ್ಟಿದ್ದೆ. ಆ ಪುಣ್ಯಾತ್ಮ ಭಾನುವಾರ ಬೆಳಗಿನ ಆರಕ್ಕೇ ಸಾಗಿಸಿಬಿಟ್ಟ.

ಬರುವ ಭಾನುವಾರ ಹಿಕೊಜಿ ನಮ್ಮ ಮನೆಗೆ ಬರುತ್ತಾನೆ. ಸರಿಯಾಗಿ ಬೊನ್ ಹಬ್ಬದ ವಾರ, ತೀರಿಹೋದವರು ಮನೆಗೆ ಬರುವ ವಾರ. ಅಟ್ಟದ ಕೋಣೆಯ ಚಾಪೆಯನ್ನು ಫುಸಾಯೆ ಬಿಸಿಲಿಗೆ ಹಾಕಿದ್ದಾಳೆ. ನಿನ್ನ ಅಪ್ಪನ ಸಮಾಧಿಯ ಸುತ್ತ ಹುಲ್ಲು ನಾನೇ ಕೊಯ್ದೆ. ಅವನಿಗೂ ಸುದ್ದಿ ಹೇಳಿದೆ, ಸ್ವಲ್ಪ ಹೆಚ್ಚು ಮಾಡಿಯೇ ಹೇಳಿದೆ. ಎದ್ದು ಜಗಳಕ್ಕೆ ಬರಲಿಲ್ಲ, ಒಪ್ಪಿದ ಹಾಗೆ.

ಹಾಳೆಯ ಕೊನೆಯ ಚೌಕದಲ್ಲಿ "ಹಿಕೊಜಿ" ಎಂದು ಬರೆದಿದೆ. ಅಲ್ಲಿ ಮುದ್ರೆ ಬೀಳಬೇಕು. ನಾನು ಒತ್ತಬಹುದು, ಮುದ್ರೆ ನನ್ನ ಸಂದೂಕದಲ್ಲೇ ಇದೆ, ನನ್ನ ಅಜ್ಜನ ಕಾಲದ್ದು. ಆದರೆ ಈ ಮನೆಯಲ್ಲಿ ಒತ್ತಲು ಬಲ್ಲವಳು ನೀನೊಬ್ಬಳೇ. ಬಂದು ಒತ್ತು.

ಹಿಕೊಜಿ ಮನೆಯಿಂದ,
ತೊಮೆಜಿ